ಮಕ್ಕಳ ವಿಜ್ಞಾನ ಹಬ್ಬ

ಮಕ್ಕಳ ವಿಜ್ಞಾನ ಹಬ್ಬವು ಕರ್ನಾಟಕದ ಶಾಲಾ ಮಕ್ಕಳಿಗಾಗಿ ಭಾರತ ಜ್ಞಾನ ವಿಜ್ಞಾನ ಸಮಿತಿಯು ರೂಪಿಸಿದ ಚಟುವಟಿಕೆ ಆಧಾರಿತ ಕಲಿಕಾ ಕಾರ್ಯಕ್ರಮ. ಮನೆಯ ಹಿರಿಯರು ಮಾಡಿಕೊಟ್ಟ ಥರ್ಮೋಕೋಲ್ ಮಾದರಿಯ ಪಕ್ಕ ನಿಂತು ಮಗು ಬಾಯಿಪಾಠ ಒಪ್ಪಿಸುವ ವಸ್ತುಪ್ರದರ್ಶನಕ್ಕಿಂತ ಇದು ಭಿನ್ನ. ಇಲ್ಲಿ ವಸ್ತುವನ್ನು ಮಗುವೇ ಮಾಡಬೇಕು.

ಮಾಡು-ಆಡು, ಕಾಗದ-ಕತ್ತರಿ, ಹಾಡು-ಆಡು, ಊರು ತಿಳಿಯೋಣ ಎಂಬ ನಾಲ್ಕು ವಿಭಾಗಗಳಲ್ಲಿ ಮಕ್ಕಳು ತಂಡಗಳಾಗಿ ಪಾಲ್ಗೊಳ್ಳುತ್ತಾರೆ. ಕೊನೆಯದರಲ್ಲಿ ತರಗತಿಯಿಂದ ಹೊರಬಂದು ಊರಿನವರನ್ನೇ ಪ್ರಶ್ನಿಸುತ್ತಾರೆ.

ಇಂತಹ ಕಲಿಕೆಗೆ ಕಾಗದದ ಹೆಲಿಕಾಪ್ಟರ್ ಒಳ್ಳೆಯ ನಿದರ್ಶನ. ಕಾಗದದ ಪಟ್ಟಿಯ ಮೇಲ್ಭಾಗವನ್ನು ಉದ್ದಕ್ಕೆ ಸೀಳಿ, ಎರಡು ರೆಕ್ಕೆಗಳನ್ನು ವಿರುದ್ಧ ದಿಕ್ಕಿಗೆ ಮಡಿಚಿ, ಕೆಳತುದಿಗೆ ಕ್ಲಿಪ್ಪು ಸಿಕ್ಕಿಸಿ ಎತ್ತರದಿಂದ ಬಿಟ್ಟರೆ ಅದು ತಿರುಗುತ್ತ ಇಳಿಯುತ್ತದೆ. ಬೀಳುವಾಗ ಗಾಳಿಯು ರೆಕ್ಕೆಗಳನ್ನು ಕೆಳಗಿನಿಂದ ಒತ್ತುತ್ತದೆ. ರೆಕ್ಕೆಗಳು ಓರೆಯಾಗಿರುವುದರಿಂದ ಆ ಒತ್ತಡದ ಒಂದಂಶವು ಅವನ್ನು ಪರಸ್ಪರ ಎದುರು ದಿಕ್ಕುಗಳಿಗೆ ದೂಡುತ್ತದೆ. ಮಡಿಕೆಗಳನ್ನು ಅದಲುಬದಲು ಮಾಡಿದರೆ ತಿರುಗುವ ದಿಕ್ಕೂ ಬದಲಾಗುತ್ತದೆ. ಇದನ್ನು ಶಿಕ್ಷಕರು ಮೊದಲೇ ಹೇಳಿಬಿಟ್ಟರೆ ಚಟುವಟಿಕೆಯ ಅರ್ಧ ಫಲ ನಷ್ಟವಾದಂತೆ.

ಕೋವಿಡ್ ನಂತರದ ಕಲಿಕಾ ಚೇತರಿಕೆಯ ಅವಧಿಯಲ್ಲಿ, 2022-23ರ ಶೈಕ್ಷಣಿಕ ವರ್ಷ, ರಾಜ್ಯದ ಶಿಕ್ಷಣ ಇಲಾಖೆಯು ಇದೇ ಬಗೆಯ ಚಟುವಟಿಕೆಗಳನ್ನು ‘ಕಲಿಕಾ ಹಬ್ಬ’ ಎಂಬ ಹೆಸರಿನಲ್ಲಿ ಕ್ಲಸ್ಟರ್ ಮಟ್ಟದಲ್ಲಿ ನಡೆಸಿತು.