ಮಜ್ಜಿಗೆಗೆ ಚಿಗುರಿತೋ, ಮಾಸಕ್ಕೆ ಚಿಗುರಿತೋ?

ಧನುರ್ಮಾಸದ ಚಳಿಗೆ ಅಟ್ಟೂರು ಲೇಔಟಿನ ಟೆರೇಸುಗಳಲ್ಲಿರುವ ಕರಿಬೇವಿನ ಗಿಡಗಳು ಮಂಕಾಗುತ್ತವೆ. ಎಲೆ ಹಳದಿಗೆ ತಿರುಗಿ ಒಂದೊಂದಾಗಿ ಉದುರುತ್ತದೆ. ಬೆಂಗಳೂರಿನ ಜನವರಿಯಲ್ಲಿ ಕನಿಷ್ಠ ಉಷ್ಣಾಂಶ 15–16 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಬೆಚ್ಚನೆಯ ಹವೆಯನ್ನೇ ಬಯಸುವ ಈ ಗಿಡ ಆಗ ಬೆಳವಣಿಗೆಯನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತದೆ. ಅದೇ ಹೊತ್ತಿಗೆ ಪಕ್ಕದ ಮನೆಯಿಂದಲೋ ವಾಟ್ಸ್ಆ್ಯಪ್ ಗ್ರೂಪಿನಿಂದಲೋ ಸಲಹೆ ಬರುತ್ತದೆ: “ಹುಳಿ ಮಜ್ಜಿಗೆಗೆ ಚಿಟಿಕೆ ಇಂಗು ಕದಡಿ ಬುಡಕ್ಕೆ ಹಾಕಿ, ಆಮೇಲೆ ನೋಡಿ.” ಹಾಕುತ್ತಾರೆ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ಗಿಡದ ತುಂಬ ಎಳೆ ಚಿಗುರು. ಫೋಟೊ ಗ್ರೂಪಿಗೆ ಹೋಗುತ್ತದೆ, ಇನ್ನೂ ಹತ್ತು ಮನೆಯ ಮಜ್ಜಿಗೆ ಕುಂಡಕ್ಕೆ ಹೋಗುತ್ತದೆ.

ಮಜ್ಜಿಗೆ ಕಾಣದ ಗಿಡವೂ ಅದೇ ವಾರ ಚಿಗುರಿತ್ತು. ಅದರ ಫೋಟೊ ಯಾರೂ ತೆಗೆಯಲಿಲ್ಲ.

ಮಜ್ಜಿಗೆಯಲ್ಲಿ ಏನೂ ಇಲ್ಲವೆಂದು ತಳ್ಳಿಹಾಕುವಂತಿಲ್ಲ. ಬೋರ್‌ವೆಲ್ಲಿನ ಗಡಸು ನೀರನ್ನು ವರ್ಷಗಟ್ಟಲೆ ಹಾಕಿದ ಕುಂಡದ ಮಣ್ಣಿನಲ್ಲಿ ಕ್ಷಾರದ ಗುಣ ಹೆಚ್ಚುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ; ಎಳೆ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತವೆ. ಹುಳಿ ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ಅಲ್ಲಿ ಕೊಂಚ ನೆರವಾದೀತು. ಆದರೆ ಚಳಿಗೆ, ಬೇರಿನ ಕೊಳೆಗೆ, ಕುಂಡ ಇಕ್ಕಟ್ಟಾಗಿದ್ದಕ್ಕೆ ಹಳದಿಯಾದ ಎಲೆಗೆ ಅದು ಮದ್ದಲ್ಲ. ಗಟ್ಟಿ ಮಜ್ಜಿಗೆಯನ್ನು ಪದೇ ಪದೇ ಸುರಿದರೆ ಮಣ್ಣಿನ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ, ಸಣ್ಣ ನೊಣಗಳು ಮುತ್ತುತ್ತವೆ. ಯಾವುದು ಕೆಲಸ ಮಾಡಿತೆಂದು ತಿಳಿಯಲು ಒಂದೇ ವಯಸ್ಸಿನ ಗಿಡಗಳಿರುವ ಒಂದಷ್ಟು ಕುಂಡಗಳು ಸಾಕು: ಅರ್ಧಕ್ಕೆ ಮಜ್ಜಿಗೆ, ಉಳಿದರ್ಧಕ್ಕೆ ಅಷ್ಟೇ ಅಳತೆಯ ನೀರು. ಗಿಡ ಸೊರಗಿದಾಗ ಆ ತಾಳ್ಮೆ ಯಾರಿಗಿರುತ್ತದೆ? ಸೊರಗಿದ್ದು ಒಂದೇ ಗಿಡ, ಅದನ್ನು ಉಳಿಸಿಕೊಳ್ಳಬೇಕು ಎನ್ನುವ ಆತಂಕದಲ್ಲೇ ಮನೆಮದ್ದು ಕೈಗೆ ಬರುವುದು. ಗಿಡ ತೀರಾ ಕೆಟ್ಟ ಸ್ಥಿತಿಗೆ ಇಳಿದಾಗಲೇ ಮದ್ದು ಹಾಕುವುದರಿಂದ, ನಂತರದ ಸಹಜ ಚೇತರಿಕೆಯೂ ಮದ್ದಿನ ಲೆಕ್ಕಕ್ಕೇ ಸೇರುತ್ತದೆ. ಸತ್ತ ಗಿಡದ ಸುದ್ದಿಯನ್ನಂತೂ ಗ್ರೂಪಿನಲ್ಲಿ ಹಂಚಿಕೊಳ್ಳುವವರು ಕಡಿಮೆ.

ಗಿಡಕ್ಕೆ ಮದ್ದು ಹೇಳುವುದು ಕನ್ನಡಿಗರಿಗೆ ಹೊಸದಲ್ಲ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯವಿದೆ. ಈಗ ಬದಲಾಗಿರುವುದು ಸಲಹೆ ಸಾಗುವ ವೇಗ. ಬಾಯಿಂದ ಬಾಯಿಗೆ, ಫೋನಿನಿಂದ ಫೋನಿಗೆ ದಾಟುವಾಗ ಮದ್ದಿನ ಹೆಸರು ಉಳಿಯುತ್ತದೆ; ಯಾವ ರೋಗಕ್ಕೆ, ಎಷ್ಟು, ಯಾವಾಗ ಎನ್ನುವುದು ಉದುರಿಹೋಗುತ್ತದೆ. ಬ್ರೆಜಿಲ್‌ನ ವಿಜ್ಞಾನಿ ವಾಗ್ನರ್ ಬೆಟ್ಟಿಯೊಲ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೀರಿಗೆ ಹಸುವಿನ ಹಾಲು ಬೆರೆಸಿ ಸಿಂಪಡಿಸಿದಾಗ ಜುಕಿನಿ ಗಿಡದ ಬೂದಿ ರೋಗ ನಿಜಕ್ಕೂ ಹತೋಟಿಗೆ ಬಂತು. ಅದು ಒಂದು ಬೆಳೆಯ ಒಂದು ರೋಗದ ಮಾತು. ಸುದ್ದಿ ನಮ್ಮವರೆಗೆ ಬರುವಷ್ಟರಲ್ಲಿ “ಗಿಡಕ್ಕೆ ಹಾಲು ಒಳ್ಳೆಯದು” ಎಂದಾಗಿರುತ್ತದೆ. ಫಿಲ್ಟರಿನ ಕಾಫಿ ಚರಟದ ಕಥೆ ಇದಕ್ಕೆ ತದ್ವಿರುದ್ಧ. ಮೆಲ್ಬರ್ನ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚರಟವನ್ನು ನೇರವಾಗಿ ಮಣ್ಣಿಗೆ ಬೆರೆಸಿದಾಗ ಬ್ರೊಕೋಲಿ, ಮೂಲಂಗಿ, ಸೂರ್ಯಕಾಂತಿಯಂಥ ಗಿಡಗಳ ಬೆಳವಣಿಗೆ ಚೆನ್ನಾಗಿಯೇ ಕುಂಠಿತವಾಯಿತು. ಚರಟ ಮೊದಲು ಕಾಂಪೋಸ್ಟ್ ಗುಂಡಿಗೆ ಹೋಗುವುದೇ ಸರಿ. ಜೀವಾಮೃತವೂ ಹೀಗೆ ದಾರಿ ತಪ್ಪಿದೆ. 200 ಲೀಟರ್ ನೀರಿಗೆ ಸಗಣಿ, ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ಬೇಳೆ ಹಿಟ್ಟು ಹಾಕಿ ಕೊಳೆಸಿ ಒಂದು ಎಕರೆಗೆ ಕೊಡುವ ದ್ರಾವಣ ಅದು. ಬಾಲ್ಕನಿಯ ಹೊತ್ತಿಗೆ ಬೆಲ್ಲದ ನೀರಷ್ಟೇ ಉಳಿಯುತ್ತದೆ. ಬೆಲ್ಲಕ್ಕೆ ಮೊದಲು ಬರುವುದು ಇರುವೆ.

ಇರುವೆಯ ಹಿಂದೆ ಹಿಟ್ಟು ತಿಗಣೆಯ ಕಥೆಯಿದೆ. ಗೇಟಿನ ಪಕ್ಕದ ದಾಸವಾಳದ ಎಳೆ ತುದಿಗೆ ಹತ್ತಿ ಅಂಟಿಸಿದಂತೆ ಕೂತು ರಸ ಹೀರುವ ಈ ಕೀಟ ಸಿಹಿ ಅಂಟನ್ನು ಸುರಿಸುತ್ತದೆ. ಆ ಅಂಟಿನ ಆಸೆಗೆ ಇರುವೆಗಳು ತಿಗಣೆಗೆ ಕಾವಲು ನಿಂತು, ಅದನ್ನು ತಿನ್ನಲು ಬರುವ ಕೀಟಗಳನ್ನು ಓಡಿಸುತ್ತವೆ. ಇದಕ್ಕೆ ಎಲ್ಲರೂ ಹೇಳುವ ಮದ್ದು ಪಾತ್ರೆ ತೊಳೆಯುವ ಲಿಕ್ವಿಡ್. ಸಾಬೂನಿನ ನೀರು ಮೆತ್ತನೆಯ ಮೈಯ ಕೀಟಗಳನ್ನು ಕೊಲ್ಲುವುದು ನಿಜ. ಆದರೆ ಪಾತ್ರೆಯ ಲಿಕ್ವಿಡ್ ಬಹುಮಟ್ಟಿಗೆ ಡಿಟರ್ಜೆಂಟ್. ಜಿಡ್ಡು ತೆಗೆಯುವ ಅದರ ಗುಣ ಎಲೆಯ ಮೇಣದ ಪದರವನ್ನೂ ಬಿಡುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗಿಡಗಳಿಗೆಂದೇ ಬೇವಿನ ಸೋಪು, ಹೊಂಗೆ ಸೋಪು ತಯಾರಿಸಿರುವಾಗ ಅಡುಗೆಮನೆಯ ಸಿಂಕಿನತ್ತ ಕೈ ಚಾಚುವ ಅಗತ್ಯವಿಲ್ಲ.

2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯ ಹಿಟ್ಟು ತಿಗಣೆ ಪಪ್ಪಾಯದ ಜೊತೆಗೆ ಹಿಪ್ಪುನೇರಳೆ, ದಾಸವಾಳಗಳನ್ನೂ ಹಿಡಿದು ಕರ್ನಾಟಕಕ್ಕೆ ಹಬ್ಬಿತು. ಹೆಬ್ಬಾಳದ ಸಂಸ್ಥೆಯೊಂದು 2010ರಲ್ಲಿ ಪೋರ್ಟೊರಿಕೊದಿಂದ ಮೂರು ಬಗೆಯ ಪರತಂತ್ರ ಕಣಜಗಳನ್ನು ತರಿಸಿತು. ಇಂದು ಅದರ ಹೆಸರು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ. ಅದರ ಸಂಶೋಧನಾ ತಾಕು ಅಟ್ಟೂರಿನಲ್ಲೇ ಇದೆ. ಆ ಕಣಜಗಳಲ್ಲಿ ಹೆಚ್ಚು ಕೆಲಸ ಮಾಡಿದ ಅಸೆರೊಫೇಗಸ್ ಪಪಾಯೆ ಒಂದು ಮಿಲಿಮೀಟರಿಗಿಂತ ಚಿಕ್ಕದು. ಅದು ತಿಗಣೆಯ ಮೈಯೊಳಗೆ ಮೊಟ್ಟೆಯಿಡುತ್ತದೆ, ಮರಿ ಅಲ್ಲೇ ತಿಂದು ಬೆಳೆಯುತ್ತದೆ. ಹೊಲಗಳಿಗೆ ಬಿಟ್ಟ ಮೇಲೆ ಪಿಡುಗು ಬೇಗನೆ ಇಳಿಯಿತು. ಆ ದಿನಗಳಲ್ಲಿ ದಾಸವಾಳಕ್ಕೆ ಲಿಕ್ವಿಡ್ ಸಿಂಪಡಿಸಿದವರ ಕಣ್ಣಿಗೆ ಕಣಜ ಬಿದ್ದಿರುವ ಸಂಭವವೇ ಇಲ್ಲ. ತಿಗಣೆ ಹೋದದ್ದು ಸಿಂಪಡಣೆಯಿಂದ ಎಂದೇ ಅವರಿಗೆ ತೋರಿರಬೇಕು.

ಸಿಂಪಡಣೆಗೆ ಮೊದಲು ಎಲೆಯ ಅಡಿಭಾಗವನ್ನು ನೋಡಲೇಬೇಕಾದ ಇನ್ನೊಂದು ಕಾರಣವಿದೆ. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಕ್ರಿಪ್ಟೊಲೇಮಸ್ ಎಂಬ ಗುಲಗಂಜಿ ಹುಳು ಹಿಟ್ಟು ತಿಗಣೆಯನ್ನೇ ತಿಂದು ಬದುಕುತ್ತದೆ. ಅದರ ಮರಿಹುಳುವಿನ ಮೈ ತುಂಬ ಬಿಳಿ ಮೇಣದ ಎಳೆಗಳಿದ್ದು, ನೋಡಲು ಹಿಟ್ಟು ತಿಗಣೆಯಂತೆಯೇ ಇರುತ್ತದೆ. “ಎಂಥಾ ದೊಡ್ಡ ತಿಗಣೆ” ಎಂದು ಮೊದಲು ಅದನ್ನೇ ಹೊಸಕಿಹಾಕುವವರಿದ್ದಾರೆ. ಗುರುತಿಸುವುದು ಕಷ್ಟವಲ್ಲ. ಬೆಳೆದ ಮರಿಹುಳು ಒಂದು ಸೆಂಟಿಮೀಟರ್ ದಾಟುತ್ತದೆ, ತಿಗಣೆ ಅದರ ಅರ್ಧದಷ್ಟೂ ಇರುವುದಿಲ್ಲ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಿಗಣೆ ಬಹುತೇಕ ಕೂತಲ್ಲೇ ಇರುತ್ತದೆ. ಮರಿಹುಳು ಸರಸರನೆ ಹರಿಯುತ್ತದೆ. ಹರಿಯುವುದು ಕಂಡರೆ ಸ್ಪ್ರೇ ಬಾಟಲಿಯನ್ನು ಬದಿಗಿಟ್ಟು, ಇರುವೆ ಹತ್ತುವ ದಾರಿಯನ್ನಷ್ಟೇ ತಡೆದರೆ ಸಾಕು.