ನೆನೆದ ಕಾಳು, ಮೊಳೆತ ಕಾಳು

ರಾತ್ರಿ ನೀರಿಗೆ ಹಾಕಿದ ಹೆಸರುಕಾಳು ಬೆಳಗಾಗುವಷ್ಟರಲ್ಲಿ ಸುಮಾರು ಇಮ್ಮಡಿ ತೂಗುತ್ತದೆ. 100 ಗ್ರಾಂ ಒಣಕಾಳಿನಲ್ಲಿ ಸುಮಾರು 350 ಕ್ಯಾಲೊರಿ ಇದ್ದರೆ, ಅಷ್ಟೇ ತೂಕದ ನೆನೆದ ಕಾಳಿನಲ್ಲಿ ಅದರ ಅರ್ಧ. ಹಾಗೆಂದು ಕ್ಯಾಲೊರಿ ಕರಗಿಹೋಯಿತೆನ್ನಲಾಗದು, ಕೂಡಿಕೊಂಡದ್ದು ನೀರು. ನೆನೆಸಿದ ಬಾದಾಮಿಯ ಕೊಬ್ಬೂ ಕಡಿಮೆಯಾಗುವುದಿಲ್ಲ.

ನಿಜವಾದ ಬದಲಾವಣೆ ಕಾಳು ಮೊಳೆತಾಗ. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ಸಿ ಜೀವಸತ್ವ ಆಗ ಹುಟ್ಟುತ್ತದೆ; ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟಿಕ್ ಆಮ್ಲ ಒಡೆಯತೊಡಗುತ್ತದೆ.

ಇದರ ಬೆಲೆ ತಿಳಿದದ್ದು ಯುದ್ಧಕಾಲದಲ್ಲಿ. 1915-16ರಲ್ಲಿ ಮೆಸೊಪೊಟೇಮಿಯದ ಕುಟ್ ಪಟ್ಟಣದಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿದ ಭಾರತೀಯ ಸಿಪಾಯಿಗಳು, ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ರೋಗದಿಂದ ನರಳಿದರು. ಮೊಳೆತ ಕಾಳು ಈ ರೋಗವನ್ನು ತಡೆಯಬಲ್ಲದೆಂದು 1917ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಮತ್ತು ಮಾರ್ಗರೆಟ್ ಹ್ಯೂಮ್ ತೋರಿಸಿಕೊಟ್ಟರು.

ನಮ್ಮ ಕೋಸಂಬರಿಗೆ ಹಾಕುವುದು ಒಡೆದ ಬೇಳೆ. ಎಷ್ಟು ನೆನೆದರೂ ಅದು ಮೊಳೆಯದು. ಅಲ್ಲಿ ಸಿ ಜೀವಸತ್ವವನ್ನು ನಿಂಬೆರಸವೇ ಒದಗಿಸಬೇಕು. ಬೇಳೆಯ ಕಬ್ಬಿಣಾಂಶ ಮೈಗೆ ಹತ್ತಲು ಅದೇ ನೆರವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದ್ದ ದೇಶದಲ್ಲಿ, ಆ ನಿಂಬೆಹೋಳು ಬರೀ ರುಚಿಗಲ್ಲ.