ಕುಂಡದ ಕುಬ್ಜವೃಕ್ಷಗಳು ಮತ್ತು ಅಂಗಳದಲ್ಲಿ ಅವುಗಳ ಪೋಷಣೆ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರಿಂದ)

ಕೆರೆಯ ತೂಬಿನ ಕಲ್ಲುಸಂದಿನಲ್ಲಾಗಲಿ, ಹಳೆಯ ಬಾವಿಯ ಕಟ್ಟಡದಲ್ಲಾಗಲಿ ಅರಳಿ, ಆಲ, ಬಸರಿ ಇವುಗಳಲ್ಲೊಂದು ಗಿಡವು ಹುಟ್ಟಿಕೊಳ್ಳದ ಗ್ರಾಮವು ನಮ್ಮ ಸೀಮೆಯಲ್ಲಿ ಅಪರೂಪವೆಂದೇ ಹೇಳಬಹುದು. ಹಕ್ಕಿಗಳೂ ಬಾವಲಿಗಳೂ ಹಣ್ಣು ತಿಂದು ಹಿಕ್ಕೆಯೊಡನೆ ಉದುರಿಸಿದ ಬೀಜವು ಗಾರೆಯ ಬಿರುಕಿನಲ್ಲಿ ಮೊಳೆತು, ಮೊದಲ ಎರಡು ಮೂರು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದು, ಬೇರು ದಪ್ಪವಾದಂತೆಲ್ಲ ಕಲ್ಲುಗಳನ್ನು ಸಡಿಲಿಸುವುದು. ತೂಬು ಸೋರಲಾರಂಭಿಸಿದ ಮೇಲೆ ಗ್ರಾಮದ ಮುಖಂಡರು ಗಿಡವನ್ನು ಕಡಿಸಲು ಹೊರಟರೆ ಕೊಡಲಿ ಹಿಡಿಯುವ ಆಳು ಸಿಕ್ಕುವುದಿಲ್ಲ. ಅಶ್ವತ್ಥವನ್ನು ಕಡಿಯುವುದು ಪಾಪವೆಂಬ ಭಾವನೆಯು ನಮ್ಮ ಜನರಲ್ಲಿ ಬಲವಾಗಿದೆ. ಅದನ್ನು ಹಾಸ್ಯಮಾಡುವುದು ಈ ಲೇಖಕನ ಉದ್ದೇಶವಲ್ಲ. ಯಾರಾದರೂ ಧೈರ್ಯಮಾಡಿ ಮೇಲಿನ ಭಾಗವನ್ನು ಮಾತ್ರ ಕತ್ತರಿಸಿದರೆ ಬುಡವು ನಾಲ್ಕು ಚಿಗುರುಗಳಾಗಿ ಮತ್ತೆ ಏಳುವುದು. ಹೀಗೆ ಕಟ್ಟಡವೂ ಕೆಡುವುದು, ಗಿಡಕ್ಕೂ ಗತಿಯಿಲ್ಲ.

ಇಂತಹ ಗಿಡವನ್ನು ಬೇರುಸಹಿತ ಎಬ್ಬಿಸಿ, ಕುಂಡದಲ್ಲಿ ನೆಟ್ಟು, ಕುಬ್ಜವೃಕ್ಷವನ್ನಾಗಿ ಸಾಕಬಹುದೆಂಬುದು ನಮ್ಮ ಓದುಗರಲ್ಲಿ ಅನೇಕರಿಗೆ ಹೊಸ ಮಾತಾಗಿ ಕಾಣಬಹುದು. ಜಪಾನೀಯರು ಇದನ್ನು ಬೋನ್ಸಾಯಿ ಎನ್ನುವರು. ಬೋನ್ ಎಂದರೆ ಆಳವಿಲ್ಲದ ತಟ್ಟೆ. ಸಾಯಿ ಎಂದರೆ ನೆಡುವಿಕೆ. ವಿದ್ಯೆಯ ಮೂಲವು ಚೀನಾ ದೇಶದ್ದಾದರೂ ಅದನ್ನು ಶಾಸ್ತ್ರದಂತೆ ಬೆಳೆಸಿದ ಕೀರ್ತಿಯು ಜಪಾನಿಗೆ ಸೇರತಕ್ಕದ್ದು. ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ಇಂತಹ ವೃಕ್ಷಗಳ ತೋಟವೊಂದು ಉಂಟು. ಪೇಟೆಗೆ ಹೋದವರು ನೋಡಿಬರಬಹುದು.

ಕುಬ್ಜವೃಕ್ಷವೆಂದರೆ ಬೇರೊಂದು ಜಾತಿಯ ಮರವೆಂದು ಕೆಲವರೂ, ಉಪವಾಸ ಕೆಡವಿ ಕುಗ್ಗಿಸಿದ ಮರವೆಂದು ಕೆಲವರೂ ತಿಳಿದಿರುವರು. ಎರಡೂ ಸರಿಯಲ್ಲ. ಬೀಜವು ಹೊಲದ ಬದುವಿನ ಮರದ್ದೇ. ಕೊಂಬೆಯ ತುದಿಯನ್ನು ಚಿವುಟಿದಾಗ ಕೆಳಗಿನ ಕಣ್ಣುಗಳು ಎಚ್ಚೆತ್ತು ಕವಲೊಡೆಯುವುವು. ದಪ್ಪ ಬೇರನ್ನು ಕತ್ತರಿಸಿದಾಗ ಅದರ ಗಾಯದ ಸುತ್ತ ನೂಲಿನಂತಹ ಬೇರುಗಳು ಹೊರಡುವುವು. ನೀರನ್ನೂ ಸಾರವನ್ನೂ ಹೀರತಕ್ಕವು ಈ ನೂಲುಬೇರುಗಳೇ ಹೊರತು ದಪ್ಪ ಬೇರುಗಳಲ್ಲ. ಆದಕಾರಣ ಚೆನ್ನಾಗಿ ಸಾಕಿದ ಕುಬ್ಜವೃಕ್ಷವು ಹಸಿದ ಮರವಲ್ಲ, ಪುಷ್ಟವಾದ ಮರ. ಅದರ ಹರಹು ಮಾತ್ರ ಕತ್ತರಿಯ ಹಿಡಿತದಲ್ಲಿರುವುದು.

ಮರವೆಂದ ಮೇಲೆ ಅದರ ವಾಸವು ಬಯಲಿನಲ್ಲಿ. ನಡುಮನೆಯ ಮೇಜಿನ ಮೇಲಿಟ್ಟ ಗಿಡವು ತಿಂಗಳೆರಡು ತಿಂಗಳಲ್ಲಿ ಎಲೆ ಉದುರಿಸುವುದು ಬೆಳಕಿಲ್ಲದ ಕಾರಣದಿಂದಲೇ ವಿನಾ ದೃಷ್ಟಿ ತಾಗಿ ಅಲ್ಲ. ಜಪಾನೀಯರು ಸಹ ಮರವನ್ನು ಅತಿಥಿಗಳಿಗೆ ತೋರಿಸಲು ಕೆಲವು ದಿನ ಮಾತ್ರ ಒಳಗೆ ತಂದು, ಮತ್ತೆ ಹೊರಗಿನ ಹಲಗೆಯ ಮೇಲಿಡುವರು. 1923ರ ಮಹಾಭೂಕಂಪದ ತರುವಾಯ ಟೋಕಿಯೋ ಪಟ್ಟಣದ ಬೋನ್ಸಾಯಿ ಬೆಳೆಗಾರರು ಒಳ್ಳೆಯ ನೀರೂ ಗಾಳಿಯೂ ಇರುವ ಸ್ಥಳವನ್ನು ಅರಸಿ ಓಮಿಯಾ ಎಂಬಲ್ಲಿಗೆ ಹೋಗಿ, 1925ರಲ್ಲಿ ಒಂದು ಗ್ರಾಮವನ್ನೇ ಕಟ್ಟಿಕೊಂಡರು. ಅಲ್ಲಿ ನೆಲೆಸತಕ್ಕವರು ಕನಿಷ್ಠ 10 ಬೋನ್ಸಾಯಿಗಳನ್ನಾದರೂ ಹೊಂದಿರಬೇಕು, ಮನೆಯ ಬಾಗಿಲನ್ನು ಬಂದವರಿಗೆ ತೆರೆದಿಡಬೇಕು, ಎರಡಂತಸ್ತಿನ ಮನೆ ಕಟ್ಟಬಾರದು, ಗೋಡೆಯ ಬದಲು ಹಸುರುಬೇಲಿಯನ್ನು ಹಾಕಬೇಕು ಎಂದು ತಮ್ಮೊಳಗೆ ಕಟ್ಟಳೆ ಮಾಡಿಕೊಂಡಿದ್ದರು. ಗ್ರಾಮದ ಕಟ್ಟಳೆಯೊಂದನ್ನು ಜನರಿಂದ ಒಪ್ಪಿಸಲು ಎಷ್ಟು ಶ್ರಮವೆಂಬುದನ್ನು ಬಲ್ಲ ಯಜಮಾನರು ಇದನ್ನು ಮೆಚ್ಚದಿರಲಾರರು. ಹಿರೋಷಿಮಾದಲ್ಲಿ 1625ರಿಂದ ಸಾಕುತ್ತ ಬಂದಿದ್ದ ಬಿಳಿಯ ಪೈನ್ ಮರವೊಂದು 1945ರ ಅಣುಬಾಂಬಿನ ಸ್ಥಳದಿಂದ ಸುಮಾರು ಎರಡು ಮೈಲಿ ದೂರದಲ್ಲಿ, ನರ್ಸರಿಯ ಗೋಡೆಯ ಮರೆಯಲ್ಲಿ ನಿಂತು ಉಳಿಯಿತು. ಯಮಾಕಿ ಎಂಬ ಮನೆತನದವರು 1976ರಲ್ಲಿ ಅದನ್ನು ಅಮೆರಿಕಕ್ಕೆ ದಾನವಾಗಿ ಕೊಟ್ಟರು; ವಾಷಿಂಗ್ಟನ್ನಿನ ಸರ್ಕಾರಿ ವೃಕ್ಷೋದ್ಯಾನದಲ್ಲಿ ಅದು ಇಂದಿಗೂ ಇದೆ. ಆದರೆ ಪೈನ್ ಮರವು ಚಳಿಗಾಲದ ನಿದ್ರೆಯನ್ನು ಬೇಡತಕ್ಕದ್ದು. ನಮ್ಮ ಬಯಲುಸೀಮೆಯಲ್ಲಿ ಅದರ ಗೊಡವೆ ಬೇಡ. ತೂಬಿನ ಗಿಡವೇ ನಮಗೆ ತಕ್ಕದ್ದು.

ಗಿಡವನ್ನು ಎಬ್ಬಿಸುವ ಕ್ರಮವು ಹೇಗೆಂದರೆ: ರೋಹಿಣಿಯ ಕೊನೆಯಿಂದ ಮೃಗಶಿರೆಯ ಮಳೆಯವರೆಗೆ, ಅಂದರೆ ಜೂನ್ ತಿಂಗಳ ಮೊದಲ ಭಾಗವು ಪ್ರಶಸ್ತಕಾಲ. ಆಗ ಕೆರೆಯಲ್ಲಿ ಸಾಮಾನ್ಯವಾಗಿ ನೀರು ತಗ್ಗಿರುವುದು, ಗಾಳಿಯಲ್ಲಿ ತೇವವಿರುವುದು, ಗಿಡದಲ್ಲಿ ಚಿಗುರುವ ಶಕ್ತಿ ತುಂಬಿರುವುದು. ಕೆರೆಯು ಯಾರ ಆಡಳಿತಕ್ಕೆ ಒಳಪಟ್ಟಿದೆಯೋ ಆ ಪಂಚಾಯಿತಿಯ ಅಥವಾ ಸಣ್ಣ ನೀರಾವರಿಯ ಅಧಿಕಾರಿಗಳಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ತೂಬಿನ ಮಟ್ಟಕ್ಕೆ ನೀರಿರುವಾಗ ಒಂದು ಕಲ್ಲನ್ನೂ ಅಲುಗಿಸಕೂಡದು. ಕಾಂಡವು ಮನುಷ್ಯನ ತೋಳಿಗಿಂತ ದಪ್ಪವಾಗಿದ್ದರೆ ಅದು ಎಂಜಿನಿಯರರ ಕೆಲಸವೇ ಹೊರತು ನಮ್ಮದಲ್ಲ. ಪುರಾತತ್ವ ಇಲಾಖೆಯ ರಕ್ಷಣೆಗೊಳಪಟ್ಟ ದೇವಾಲಯ, ಕಲ್ಯಾಣಿಗಳಲ್ಲಿ ಅವರ ಅಪ್ಪಣೆಯಿಲ್ಲದೆ ಕೈಯಿಡಬಾರದು.

ಮೊದಲು ಗಾರೆಯನ್ನು ಚಿಕ್ಕ ಉಳಿಯಿಂದ ಬಿಡಿಸಿ, ಬೇರು ಎಷ್ಟು ದೂರ ಕಾಣುವುದೋ ಅಷ್ಟು ಬಿಡಿಸಿಕೊಂಡು, ಹರಿತವಾದ ಗರಗಸದಿಂದ ಕೊಯ್ಯಬೇಕು. ಎಳೆದು ಕೀಳುವುದು ತಪ್ಪು; ಬೇರಿನ ಸಿಪ್ಪೆ ಸುಲಿದುಹೋದರೆ ಅಲ್ಲಿಂದ ಹೊಸ ಬೇರು ಬರಲಾರದು. ನಾಲ್ಕಾರು ನೂಲುಬೇರುಗಳು ಉಳಿದರೂ ಸಾಕು, ಆಲದ ಬಳಗಕ್ಕೆ ಅಷ್ಟು ಜೀವಶಕ್ತಿ ಉಂಟು. ಎಲೆಗಳನ್ನೆಲ್ಲ ತೊಟ್ಟು ಉಳಿಸಿ ಕತ್ತರಿಸಿ, ಸುರಿಯುವ ಹಾಲನ್ನು ನೀರಿನಿಂದ ತೊಳೆದು, ಒದ್ದೆ ಗೋಣಿಯಲ್ಲಿ ಸುತ್ತಿ ಅಂದೇ ನೆಡತಕ್ಕದ್ದು. ಒಂದು ಅಡಿ ಆಳದ ಮಣ್ಣಿನ ಕುಂಡದಲ್ಲಿ ದಪ್ಪ ಮರಳನ್ನು ತುಂಬಿ ನೆಟ್ಟು, ಗಿಡ ಅಲುಗದಂತೆ ಕಟ್ಟಿ, ನೆರಳಿನಲ್ಲಿಡಬೇಕು. ಮೂರು ನಾಲ್ಕು ವಾರಗಳಲ್ಲಿ ಚಿಗುರು ಕಾಣುವುದು. ಚಿಗುರು ಕಂಡ ಕೂಡಲೆ ಎಳೆದು ಪರೀಕ್ಷಿಸುವ ಚಾಪಲ್ಯ ಬೇಡ. ಇನ್ನು ಕಟ್ಟಡದಲ್ಲಿ ಉಳಿದ ಬೇರಿನ ತುಂಡುಗಳನ್ನು ಆದಷ್ಟೂ ತೆಗೆದು ಸಂದನ್ನು ಸುಣ್ಣದ ಗಾರೆಯಿಂದ ಅದೇ ವಾರ ಮುಚ್ಚಿಸತಕ್ಕದ್ದು. ಗಿಡದ ಉತ್ಸಾಹದಲ್ಲಿ ಈ ಕೆಲಸವನ್ನು ಮರೆಯುವವರೇ ಹೆಚ್ಚು. ಅಂತಹವರ ತೂಬು ಹಿಂದಿಗಿಂತ ಹೆಚ್ಚಾಗಿ ಸೋರುವುದು.

ಬೀಜದಿಂದ ಬೆಳೆಸುವವರಿಗೆ ಒಂದು ಮಾತು. ಕಡ್ಡಿಯಂತಹ ಸಸಿಯನ್ನು ತಟ್ಟೆಗೆ ಹಾಕಿ ಅದು ದಪ್ಪವಾಗುವುದೆಂದು ಕಾಯುವುದು ವ್ಯರ್ಥ. ಕಾಂಡವು ದಪ್ಪವಾಗುವುದು ನೆಲದಲ್ಲಿ. ಬೇರಿನ ಕೆಳಗೆ ಒಂದು ಹೆಂಚನ್ನಿಟ್ಟು ನೆಟ್ಟರೆ ಬೇರು ಕೆಳಗಿಳಿಯದೆ ಸುತ್ತಲೂ ಹರಡುವುದು. ನಾಲ್ಕೈದು ವರ್ಷ ಹಾಗೆಯೇ ಬೆಳೆಸಿ, ಅನಂತರ ಮೇಲನ್ನು ತರಿದು ತಟ್ಟೆಗೆ ತರಬೇಕು. ಹುಣಸೆಯೂ ಬೇಲವೂ ಎಲೆ ಚಿಕ್ಕದಾದುದರಿಂದ ಇದಕ್ಕೆ ಬಹು ಯೋಗ್ಯವಾದುವು. ಅರಳಿಯ ಎಲೆಯು ಅಷ್ಟಾಗಿ ಚಿಕ್ಕದಾಗದು, ತೊಟ್ಟೂ ಉದ್ದ. ಚೆಲುವಿನಲ್ಲಿ ಬಸರಿಯೇ ಮೇಲೆಂದು ನನ್ನ ಅಭಿಪ್ರಾಯ. ದಾಳಿಂಬೆಯಲ್ಲಿ ಎಲೆ ಕುಗ್ಗಿದರೂ ಹಣ್ಣು ಅದಕ್ಕೆ ತಕ್ಕಂತೆ ಕುಗ್ಗದೆ ರೆಂಬೆಯನ್ನು ಬಗ್ಗಿಸುವುದು. ಕಾಡಿನಿಂದ ಹಳೆಯ ಗಿಡಗಳನ್ನು ಕಿತ್ತು ತರುವ ಯೋಚನೆ ಯಾರಿಗೂ ಬೇಡ. ಮೀಸಲು ಅರಣ್ಯದಲ್ಲಿ ಅದು 1963ರ ಅರಣ್ಯ ಕಾಯಿದೆಗೆ ವಿರುದ್ಧವಾದುದು.

ಮಣ್ಣಿನ ವಿಷಯದಲ್ಲಿ ರೈತರೇ ಮೋಸಹೋಗುವರು, ಏಕೆಂದರೆ ಹೊಲದ ಒಳ್ಳೆಯ ಮಣ್ಣು ಕುಂಡಕ್ಕೆ ಒಳ್ಳೆಯದೆಂದು ಅವರ ನಂಬುಗೆ. ನೀರು ಹೊಯ್ದ ಮೇಲೆ ಯಾವ ಕುಂಡದಲ್ಲಿಯೂ ಅಡಿಯಲ್ಲಿ ಒಂದು ಪದರದಷ್ಟು ನೀರು ನಿಲ್ಲುವುದು. ಪದರದ ದಪ್ಪವು ಮಣ್ಣಿನ ಕಣದ ಮೇಲೆ ಹೊಂದಿಕೊಂಡಿದೆಯೇ ಹೊರತು ಕುಂಡದ ಆಳದ ಮೇಲಲ್ಲ. ಆಳವಾದ ಕುಂಡದಲ್ಲಿ ಬೇರಿಗೆ ಮೇಲ್ಭಾಗದಲ್ಲಿ ಉಸಿರಾಡಲು ಸ್ಥಳವುಂಟು. ಎರಡು ಅಂಗುಲದ ತಟ್ಟೆಯಲ್ಲಿ ಆ ಪದರವೇ ಎಲ್ಲವೂ ಆಗಿ ಬೇರು ಕೊಳೆಯುವುದು. ಅಡಿಯಲ್ಲಿ ಜಲ್ಲಿ ಹಾಸಿದರೆ ಪದರವು ಇನ್ನೂ ಮೇಲಕ್ಕೇರುವುದಲ್ಲದೆ ಬೇರೆ ಲಾಭವಿಲ್ಲ. ಆದುದರಿಂದ ಚೆನ್ನಾಗಿ ಸುಟ್ಟ ಇಟ್ಟಿಗೆಯನ್ನು ಕುಟ್ಟಿ, ಕಾಲು ಅಂಗುಲಕ್ಕಿಂತ ದೊಡ್ಡದನ್ನೂ ಧೂಳನ್ನೂ ಜರಡಿಯಿಂದ ತೆಗೆದು, ಆ ಚೂರು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಹಳೆಯ ಎಲೆಗೊಬ್ಬರ ಒಂದು ಪಾಲು ಬೆರೆಸತಕ್ಕದ್ದು.

ಇಂತಹ ಮಿಶ್ರಣವು ಬೇಗ ಒಣಗುವುದರಿಂದ ನೀರಿನ ಹೊಣೆಯು ಹೆಚ್ಚುವುದು. ಬೇಸಗೆಯಲ್ಲಿ ಬೆಳಗೂ ಸಂಜೆಯೂ ಅಡಿಯ ರಂಧ್ರದಿಂದ ಹರಿಯುವವರೆಗೆ ಹೊಯ್ಯಬೇಕು. ಮಳೆಗಾಲದಲ್ಲಿ ಬೆರಳಿನಿಂದ ಮುಟ್ಟಿನೋಡಿ ಹೊಯ್ಯಬೇಕು. ಆಳದ ಕೊಳವೆಬಾವಿಯ ಗಡಸುನೀರನ್ನೇ ಹೊಯ್ದರೆ ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟಿ, ನರಗಳು ಹಸುರಾಗಿದ್ದು ಎಲೆ ಹಳದಿಯಾಗುವುದು. ಹಿಡಿದಿಟ್ಟ ಮಳೆನೀರು ಸರ್ವಶ್ರೇಷ್ಠ. ಕುಂಡವನ್ನು ನೆಲಕ್ಕೆ ತಾಗಿಸದೆ ಎರಡು ಮೂರು ಅಡಿ ಎತ್ತರದ ಜಗಲಿಯ ಮೇಲಿಡುವುದು ಮೇಲು, ಇಲ್ಲವಾದರೆ ಬೇರು ರಂಧ್ರದಿಂದ ಇಳಿದು ನೆಲವನ್ನು ಸೇರುವುದು. ಮಾರ್ಚಿಯಿಂದ ಮೇ ವರೆಗೆ ಬೆಳಗಿನ ಬಿಸಿಲು ಸಾಕು. ಮಧ್ಯಾಹ್ನ ತಟ್ಟೆಯೇ ಕಾದು ಬೇರು ಬೇಯುವುದು.

ಎರಡು ವರ್ಷಕ್ಕೊಮ್ಮೆ, ಅದೇ ಮೃಗಶಿರೆಯ ಕಾಲದಲ್ಲಿ, ಗಿಡವನ್ನು ತೆಗೆದು ಬೇರಿನ ಮೂರರಲ್ಲೊಂದು ಭಾಗವನ್ನು ಕತ್ತರಿಸಿ ಹೊಸ ಮಿಶ್ರಣದಲ್ಲಿ ನೆಡತಕ್ಕದ್ದು. ಕೊಂಬೆ ಬಗ್ಗಿಸಲು ತಂತಿ ಸುತ್ತಿದರೆ ವಾರಕ್ಕೊಮ್ಮೆ ನೋಡಬೇಕು. ಮಳೆಗಾಲದಲ್ಲಿ ಕೊಂಬೆ ಬೇಗ ಉಬ್ಬುವುದರಿಂದ ತಂತಿ ಸಿಪ್ಪೆಯೊಳಗೆ ಹೂತು ಹೋಗುವುದು, ಆ ಗುರುತು ಅನೇಕ ವರ್ಷ ಮಾಸದು. ಹಿಟ್ಟುತಿಗಣೆ ಕಂಡರೆ ಮೊದಲು ಇರುವೆಯ ದಾರಿಯನ್ನು ಕಡಿಯಿರಿ, ಅನಂತರ ಬೇವಿನ ಸಾಬೂನನ್ನು ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ ಕರಗಿಸಿ ಸಿಂಪಡಿಸಿರಿ.

ಮನೆಯವರೆಲ್ಲ ಜಾತ್ರೆಗೋ ಮದುವೆಗೋ ಹೋಗುವಾಗ ಕುಂಡಗಳ ಗತಿಯೇನೆಂದು ಕೇಳಬಹುದು. ಮರದ ನೆರಳಿನಲ್ಲಿ ಅರ್ಧ ಅಡಿ ಮರಳು ಹಾಸಿ, ಅದನ್ನು ಚೆನ್ನಾಗಿ ನೆನೆಸಿ, ಕುಂಡಗಳನ್ನು ಅಂಚಿನವರೆಗೆ ಹೂತು, ಮೇಲೆ ಒದ್ದೆ ಹುಲ್ಲು ಮುಚ್ಚಿಹೋದರೆ ಎರಡು ಮೂರು ದಿನ ಬಾಧಕವಿಲ್ಲ. ಅದಕ್ಕೂ ಹೆಚ್ಚು ದಿನವಾದರೆ ನೆರೆಯವರಿಗೆ ಹೇಳಿಯೇ ಹೊರಡತಕ್ಕದ್ದು.